ನಳಿಕೆಯ ಮೇಲೆ ಬರೆದ ಹೆಸರು

ಅಂಕೋಲೆ ಕಡೆಯವರಿಗೆ ಮೀನೆಂದರೆ ಕಡಲಿನದು. ಬಂಗಡೆ, ತಾರ್ಲೆ, ನೊಗಲಿ, ಶೆಟ್ಲಿ ಇವಿಷ್ಟರಲ್ಲಿ ಊಟದ ವರ್ಷ ಮುಗಿದುಹೋಗುತ್ತದೆ. ಶೆಟಗೇರಿಯಂಥ ಊರಿನಲ್ಲಿ ಸಿಹಿನೀರಿನ ಮೀನಿನ ಸುದ್ದಿ ಜೋರಾಗಿ ಏಳುವುದು ಜೂನ್ ತಿಂಗಳಲ್ಲಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಪೇಟೆಯ ಬುಟ್ಟಿ ಬರಿದು. ಅದೇ ಹೊತ್ತಿಗೆ ಮೊದಲ ಅಬ್ಬರದ ಮಳೆಗೆ ಹಳ್ಳ ಕೆಂಪಾಗಿ ಗದ್ದೆಗೆ ನುಗ್ಗುತ್ತದೆ, ಹೊಳೆಯ ಮೀನು ಸೆಳವಿಗೆ ಎದೆಗೊಟ್ಟು ಮೇಲೇರುತ್ತದೆ. ಮಲೆನಾಡಿನವರು ಹತ್ತುಮೀನು ಅನ್ನುವುದು ಇದಕ್ಕೇ. ಕೂಳಿ ಒಡ್ಡುವವರಿಗೂ ರಾತ್ರಿ ಟಾರ್ಚು, ಕತ್ತಿ ಹಿಡಿದು ಹೊರಡುವವರಿಗೂ ಗೊತ್ತು: ಮೊಟ್ಟೆ ತುಂಬಿ ಬಿರಿಯುವಂತಿರುವ ಹೆಣ್ಣು ಮುಂದೆ, ಕೈಯಲ್ಲಿ ಹಿಡಿದರೆ ಸಾಕು ಬಿಳಿ ಹಾಲು ಸೋರುವ ಗಂಡುಗಳು ಹಿಂದೆ.

ಆ ಬಿಳಿ ಹಾಲು ವಿಚಿತ್ರ ವಸ್ತು. ಗಂಡಿನ ಹೊಟ್ಟೆಯೊಳಗೆ ಇರುವಷ್ಟು ಹೊತ್ತು ಅದರಲ್ಲಿನ ಕೋಟ್ಯಂತರ ವೀರ್ಯಾಣುಗಳು ಅಲ್ಲಾಡುವುದಿಲ್ಲ. ಸುತ್ತಲಿನ ದ್ರವದ ಲವಣಸಾಂದ್ರತೆ ಅವನ್ನು ಕಟ್ಟಿಹಾಕಿರುತ್ತದೆ. ಹೊಳೆನೀರು ತಾಗಿ ಸಾಂದ್ರತೆ ಕುಸಿದ ಕೂಡಲೇ ಬಾಲ ಬಡಿಯತೊಡಗುತ್ತವೆ. ಗೆಂಡೆಯ ಜಾತಿಯ ಮೀನುಗಳಲ್ಲಿ ಈ ಓಟ ಒಂದು ನಿಮಿಷದ್ದು, ಬಹಳವೆಂದರೆ ಎರಡು. ಅಷ್ಟರೊಳಗೆ ಮೊಟ್ಟೆಯ ಮೇಲಿರುವ ಒಂದೇ ಒಂದು ಸೂಕ್ಷ್ಮ ರಂಧ್ರ ಸಿಗಬೇಕು. ಮೊಟ್ಟೆಯೂ ಕಾಯುವುದಿಲ್ಲ, ನೀರು ಕುಡಿದು ಉಬ್ಬಿದರೆ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಗಂಡು, ಹೆಣ್ಣು, ನೆರೆ ಮೂರೂ ಒಂದೇ ಗಳಿಗೆಗೆ ಒಂದೇ ಜಾಗದಲ್ಲಿ ಸೇರಿದರೆ ಮಾತ್ರ ಮರಿ. ಈ ಒಂದು ನಿಮಿಷವನ್ನು ದಶಕಗಳಿಗೆ ಹಿಗ್ಗಿಸಿದ್ದು ಹೇಗೆ, ಅದರಲ್ಲಿ ಕರ್ನಾಟಕದ ಪಾಲೇನು, ಹಾಗೆ ಹಿಗ್ಗಿಸಿ ಇಟ್ಟುಕೊಂಡದ್ದಾದರೂ ಯಾವ ಮೀನನ್ನು ಎಂಬುದು ಎಪ್ಪತ್ತೈದು ವರ್ಷಗಳ ಕಥೆ. ಅದು ಶುರುವಾಗುವುದು ಒಂದು ತಪ್ಪು ಚೀಟಿಯಿಂದ.

ಲಂಡನ್ನಿನ ಮಿಲ್ ಹಿಲ್‌ನಲ್ಲಿ ವೈದ್ಯಕೀಯ ಸಂಶೋಧನಾ ಸಂಸ್ಥೆಯೊಂದಿತ್ತು. 1940ರ ದಶಕದ ಕೊನೆಗೆ ಅಲ್ಲಿ ಕ್ರಿಸ್ಟೋಫರ್ ಪೋಲ್ಜ್, ಆಡ್ರಿ ಸ್ಮಿತ್, ಆಲನ್ ಪಾರ್ಕ್ಸ್ ಎಂಬ ಮೂವರು ಹುಂಜದ ವೀರ್ಯವನ್ನು ಹೆಪ್ಪುಗಟ್ಟಿಸಿ ಮತ್ತೆ ಜೀವಂತಗೊಳಿಸಲು ಹೆಣಗುತ್ತಿದ್ದರು. ಸಕ್ಕರೆಯ ದ್ರಾವಣ ಬೆರೆಸಿ ನೋಡಿದರು, ಏನೂ ಆಗಲಿಲ್ಲ. ತಂಪುಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದ ಅದೇ ಸಕ್ಕರೆ ದ್ರಾವಣವನ್ನು ತೆಗೆದು ಇನ್ನೊಮ್ಮೆ ಪ್ರಯತ್ನಿಸಿದಾಗ ಕರಗಿದ ವೀರ್ಯಾಣುಗಳು ಈಜತೊಡಗಿದವು. ಹೊಸದಾಗಿ ಸಕ್ಕರೆ ಕದಡಿ ಮಾಡಿದರೆ ಮತ್ತೆ ಸೋಲು. ಬಾಟಲಿಯಲ್ಲಿ ಉಳಿದಿದ್ದ ಚೂರನ್ನು ರಾಸಾಯನಿಕ ಪರೀಕ್ಷೆಗೆ ಕೊಟ್ಟಾಗ ಗೊತ್ತಾಯಿತು, ಅದರಲ್ಲಿ ಸಕ್ಕರೆಯೇ ಇರಲಿಲ್ಲ. ಗ್ಲಿಸರಾಲ್ ಮತ್ತು ಮೊಟ್ಟೆಯ ಬಿಳಿಭಾಗದ ಪ್ರೋಟೀನು ಇದ್ದವು. ಸೂಕ್ಷ್ಮದರ್ಶಕದ ಗಾಜಿಗೆ ಅಂಗಾಂಶ ಅಂಟಿಸಲು ಪ್ರಯೋಗಶಾಲೆಗಳಲ್ಲಿ ಇಟ್ಟುಕೊಳ್ಳುವ ಮಿಶ್ರಣವದು, ಚೀಟಿ ಅದಲುಬದಲಾಗಿತ್ತು. 1949ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮೂವರ ಲೇಖನ ಬಂತು. ಹೆಪ್ಪುಗಟ್ಟಿಸುವ ಆಧುನಿಕ ವಿಜ್ಞಾನವೆಲ್ಲ, ದನದ ಡಾಕ್ಟರರ ಸಾರಜನಕದ ಕೊಡದಿಂದ ಹಿಡಿದು ನಗರದ ಬಂಜೆತನ ಚಿಕಿತ್ಸಾಲಯದವರೆಗೆ, ಆ ಬಾಟಲಿಯಿಂದ ಹೊರಬಂದದ್ದೇ.

ಗ್ಲಿಸರಾಲ್ ಮಾಡುವ ಕೆಲಸ ಇಷ್ಟು. ಜೀವಕೋಶದ ಒಳಗಿನ ನೀರು ಮಂಜುಗಡ್ಡೆಯಾದರೆ ಅದರ ಚೂಪು ಹರಳುಗಳು ಪೊರೆಯನ್ನು ಸೀಳುತ್ತವೆ. ತೀರಾ ನಿಧಾನವಾಗಿ ತಣಿಸಿದರೆ ಹೊರಗಿನ ನೀರು ಮೊದಲು ಗಡ್ಡೆಯಾಗಿ, ಉಳಿದ ದ್ರವದಲ್ಲಿ ಉಪ್ಪು ಏರಿ ಕೋಶ ಒಣಗಿ ಸಾಯುತ್ತದೆ. ಈ ಎರಡು ಸಾವಿನ ನಡುವೆ ಇರುವ ಕಿರಿದಾದ ದಾರಿಯನ್ನು ಗ್ಲಿಸರಾಲ್‌ನಂಥ ರಕ್ಷಕ ದ್ರವ ಸ್ವಲ್ಪ ಅಗಲ ಮಾಡುತ್ತದೆ. ಹತ್ತು ವರ್ಷದ ಬಳಿಕ, 1959ರಲ್ಲಿ, ಅದೇ ಮಿಲ್ ಹಿಲ್‌ನ ಜೇಮ್ಸ್ ಲವ್‌ಲಾಕ್ ಮತ್ತು ಬಿಷಪ್ ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ಇನ್ನೊಂದು ರಕ್ಷಕವನ್ನು ಗುರುತಿಸಿದರು. ಭೂಮಿಯೇ ಒಂದು ಜೀವಿಯಂತೆ ನಡೆದುಕೊಳ್ಳುತ್ತದೆ ಎಂಬ 'ಗಾಯಾ' ಸಿದ್ಧಾಂತದಿಂದ ಮುಂದೆ ಜಗತ್ಪ್ರಸಿದ್ಧನಾದ ಲವ್‌ಲಾಕ್ ಈತನೇ. ಮೀನಿನವರ ಕೈಗೆ ಈ ಎರಡನೆಯ ರಕ್ಷಕವೇ ಹೆಚ್ಚು ಒಗ್ಗಿತು. ಡಿಎಂಎಸ್ಓ ಎಂಬ ಚುಟುಕು ಹೆಸರಿನಲ್ಲಿ ಇಂದಿಗೂ ಮೀನಿನ ವೀರ್ಯ ಹೆಪ್ಪುಗಟ್ಟಿಸುವ ಬಹುತೇಕ ಪಾಕವಿಧಾನಗಳಲ್ಲಿ ಅದಿದೆ.

ಮೀನಿಗೆ ಈ ಹೆಪ್ಪುಗಟ್ಟಿಸುವ ತಂತ್ರವನ್ನು ಮೊದಲು ಹಚ್ಚಿದ್ದು ಡಿಎಂಎಸ್ಓಗಿಂತ ಮುಂಚೆಯೇ, 1953ರಲ್ಲಿ, ಬ್ಲ್ಯಾಕ್ಸ್ಟರ್ ಎಂಬ ಬ್ರಿಟಿಷ್ ವಿಜ್ಞಾನಿ. ಅವನ ಸಮಸ್ಯೆ ಸರಳವಾಗಿತ್ತು. ಹೆರಿಂಗ್ ಎಂಬ ಕಡಲಮೀನಿನಲ್ಲಿ ಎರಡು ಬಣ: ಒಂದು ವಸಂತದಲ್ಲಿ ಮೊಟ್ಟೆಯಿಡುತ್ತದೆ, ಇನ್ನೊಂದು ಶರತ್ಕಾಲದಲ್ಲಿ. ಇಬ್ಬರೂ ಎಂದೂ ಕೂಡುವುದಿಲ್ಲ. ಕೂಡಿಸಿದರೆ ಮರಿಯಾಗುತ್ತದೆಯೇ? ಒಂದು ಬಣದ ವೀರ್ಯವನ್ನು ಒಣ ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸಿ, ತಿಂಗಳುಗಳು ಕಾದು, ಇನ್ನೊಂದು ಬಣದ ಮೊಟ್ಟೆಗೆ ಬೆರೆಸಿದ. ಫಲಿಸಿತು. ಕಾಲವೇ ಅಗಲಿಸಿದ್ದ ಎರಡು ಬಣಗಳನ್ನು ಡಬ್ಬಿಯೊಂದು ಕೂಡಿಸಿತ್ತು. ಈ ತಂತ್ರದ ನಿಜವಾದ ಗುಣ ಅಲ್ಲೇ ಹೊರಬಿದ್ದಿತ್ತು ಅನ್ನಿಸುತ್ತದೆ ನನಗೆ. ಹೆಪ್ಪುಗಟ್ಟಿಸಿದಾಗ ಉಳಿಯುವುದು ಒಂದು ತಾರೀಖು: ಆ ದಿನ ಆ ನೀರಿನಲ್ಲಿ ಇದ್ದ ಗಂಡು.

ಆ ಹೊತ್ತಿಗೆ ನಮ್ಮಲ್ಲಿ ಮೀನುಮರಿ ಎಂದರೆ ನೆರೆಯ ನೀರಿನಿಂದ ಸೋಸಿ ತರುವ ವಸ್ತು. ಕಟ್ಲಾ, ರೋಹು, ಮೃಗಾಲ್ ಕೆರೆಯ ನಿಂತ ನೀರಿನಲ್ಲಿ ಕೊಬ್ಬಿ ಬೆಳೆಯುತ್ತವೆ, ಆದರೆ ಮೊಟ್ಟೆಯಿಡುವುದಿಲ್ಲ. ಅವಕ್ಕೆ ಹರಿವ ನೆರೆ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಕೊಳದಲ್ಲೇ ಮೊಟ್ಟೆಯಿಡಿಸಿದರು. ದೇಶದಲ್ಲಿ ಜುಲೈ 10 ಮೀನು ಕೃಷಿಕರ ದಿನವಾದದ್ದು ಹಾಗೆ. ಕರ್ನಾಟಕದಲ್ಲಿ ಅಣೆಕಟ್ಟುಗಳು ಏಳುತ್ತಿದ್ದ ಕಾಲ. ಭದ್ರಾ ಯೋಜನೆಯ ಬಿ.ಆರ್. ಪ್ರಾಜೆಕ್ಟ್‌ನಲ್ಲಿ, ಹೊಸಪೇಟೆಯ ತುಂಗಭದ್ರಾ ಡ್ಯಾಮಿನ ಬಳಿ ಮರಿ ಉತ್ಪಾದನಾ ಕೇಂದ್ರಗಳು ಬೆಳೆದವು. ಘಟ್ಟದ ಮೇಲಿನ ಕೆರೆಗಳಿಗೆ ಲಾರಿಗಳಲ್ಲಿ ಆಮ್ಲಜನಕ ತುಂಬಿದ ಚೀಲಗಳಲ್ಲಿ ಮರಿ ಹೋಗತೊಡಗಿತು.

ಇಲ್ಲೊಂದು ತೊಡಕು ಮೆಲ್ಲಗೆ ಒಳಸೇರಿತು. ಒಂದು ಹೆಣ್ಣು ಕಟ್ಲಾ ಲಕ್ಷಗಟ್ಟಲೆ ಮೊಟ್ಟೆ ಕೊಡುತ್ತದೆ. ಜಿಲ್ಲೆಯ ಕೆರೆಗಳಿಗೆಲ್ಲ ಬೆರಳೆಣಿಕೆಯ ತಾಯಂದಿರು ಸಾಕು. ಬೇಗ ಬೆಳೆದ ಮೀನು ಮಾರುಕಟ್ಟೆಗೆ, ಉಳಿದದ್ದು ಮುಂದಿನ ವರ್ಷದ ತಾಯಿಕೆರೆಗೆ. ಅಂಬೇಕರ್ ಏಕನಾಥ್ ಎಂಬ ತರುಣ ವಿಜ್ಞಾನಿ ಮತ್ತು ಕೆನಡಾದ ರೋಜರ್ ಡಾಯ್ಲ್ ಕರ್ನಾಟಕದ ಮರಿ ಕೇಂದ್ರಗಳನ್ನು ಲೆಕ್ಕ ಹಾಕಿ ನೋಡಿದರು. 1990ರಲ್ಲಿ ಪ್ರಕಟವಾದ ಅವರ ಅಂದಾಜಿನ ಪ್ರಕಾರ ಇಲ್ಲಿ ತಲೆಮಾರಿಗೆ ಶೇ. 2ರಿಂದ 17ರಷ್ಟು ಒಳಸಂತಾನ ಬೆಳೆಯುತ್ತಿತ್ತು. ಅಣ್ಣತಂಗಿಯರ ಮದುವೆಯೇ ವ್ಯವಸ್ಥೆಯಾದ ಹಾಗೆ. ರೈತ ಕಂಡದ್ದು ಮರಿ ಸಾಯುವುದು, ಮೀನು ಹಿಂದಿನಷ್ಟು ಬೆಳೆಯದಿರುವುದು. ಅವನು ಬೈದದ್ದು ಹಿಂಡಿಯನ್ನು, ನೀರನ್ನು, ಹಣೆಬರಹವನ್ನು.

ಏಕನಾಥ್ ಕಥೆಯ ಮುಂದಿನ ಭಾಗ ಕರ್ನಾಟಕದ ಹೊರಗಿನದು, ಆದರೂ ಹೇಳಲೇಬೇಕು. 1988ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶುರುವಾದ 'ಗಿಫ್ಟ್' ಟಿಲಾಪಿಯಾ ಯೋಜನೆಯ ಮುಂದಾಳುಗಳಲ್ಲಿ ಅವರೊಬ್ಬರು. ಆಫ್ರಿಕದ ಮತ್ತು ಏಷ್ಯಾದ ತಳಿಗಳನ್ನು ಬೆರೆಸಿ, ತಲೆಮಾರು ತಲೆಮಾರಾಗಿ ಚೆನ್ನಾಗಿ ಬೆಳೆದದ್ದನ್ನೇ ಆರಿಸುತ್ತ ಹೋದರು. ಹೀಗೆ ಆರಿಸಿದ್ದರಿಂದ ನಿಜಕ್ಕೂ ಲಾಭವಾಯಿತೇ, ಅಥವಾ ಕೊಳದ ಆರೈಕೆ ಸುಧಾರಿಸಿದ್ದಕ್ಕೆ ಮೀನು ದೊಡ್ಡದಾಯಿತೇ? ಅಜ್ಜನನ್ನೂ ಮೊಮ್ಮಗನನ್ನೂ ಒಂದೇ ಕೊಳದಲ್ಲಿ ಒಂದೇ ವಯಸ್ಸಿಗೆ ಓಡಿಸಿದರೆ ಮಾತ್ರ ತಿಳಿದೀತು. ಅದಕ್ಕೆ ಹೆಪ್ಪುಗಟ್ಟಿಸಿದ ವೀರ್ಯ ಒದಗಿತು. 1991ರಲ್ಲಿ ಹುಟ್ಟಿದ ಗಂಡುಗಳ ವೀರ್ಯ ಸಾರಜನಕದಲ್ಲಿತ್ತು. ಅದನ್ನೂ 2003ರಲ್ಲಿ ಹುಟ್ಟಿದ ಗಂಡುಗಳದ್ದನ್ನೂ ಒಂದೇ ಕಾಲದ ಹೆಣ್ಣುಗಳಿಗೆ ಕೂಡಿಸಿ ಮಕ್ಕಳನ್ನು ಜೊತೆಯಲ್ಲೇ ಬೆಳೆಸಿದರು. 2008ರಲ್ಲಿ ಬಂದ ಆ ವರದಿಯಲ್ಲಿ ಹೊಸ ಗಂಡುಗಳ ಮಕ್ಕಳದ್ದೇ ಮೇಲುಗೈ. ಕಾಗದದ ದಾಖಲೆ ಕೊಡಲಾರದ ಸಾಕ್ಷ್ಯವನ್ನು ಹನ್ನೆರಡು ವರ್ಷದ ಹಿಂದಿನ ಹಾಲು ಕೊಟ್ಟಿತು.

ಮತ್ತೆ ಕರ್ನಾಟಕಕ್ಕೆ ಬರೋಣ. 1969ನೇ ಇಸವಿಯಲ್ಲಿ ಎರಡು ಕಡೆ ಎರಡು ಬಾಗಿಲು ತೆರೆದವು. ಬೆಂಗಳೂರಿನ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನೊಂದಿಗೆ ಹೋರಿಗಳ ವೀರ್ಯ ಹೆಪ್ಪುಗಟ್ಟಿಸುವ ಕೇಂದ್ರ. ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು. ಹೋರಿಯ ಸ್ಟ್ರಾ, ಅಂದರೆ ಕಡ್ಡಿಯಷ್ಟು ತೆಳುವಾದ ಪ್ಲಾಸ್ಟಿಕ್ ನಳಿಕೆ, ಬೇಗನೆ ಹಳ್ಳಿ ಸೇರಿತು. ಇವತ್ತು ಉತ್ತರ ಕನ್ನಡದ ಯಾವ ಕೊಟ್ಟಿಗೆಯವರಿಗೂ ಮೈನಸ್ 196 ಡಿಗ್ರಿಯ ಕೊಡದಿಂದ ಹೊಗೆಯಾಡುತ್ತ ಮೇಲೆ ಬರುವ ಸ್ಟ್ರಾ ಹೊಸದಲ್ಲ. ಮೀನಿನ ಸ್ಟ್ರಾ ಮಾತ್ರ ಪ್ರಯೋಗಶಾಲೆಯಲ್ಲೇ ಉಳಿಯಿತು. ಕಾರಣ ಲೆಕ್ಕದಲ್ಲಿದೆ. ಹಸುವಿಗೆ ಬೇಕಾದ್ದು ಒಂದು ಮೊಟ್ಟೆಗೆ ಒಂದು ಸ್ಟ್ರಾ. ಮೀನಿನ ಲಕ್ಷ ಮೊಟ್ಟೆಗೆ, ಒಂದೊಂದಕ್ಕೂ ಸಾವಿರಾರು ವೀರ್ಯಾಣುಗಳ ಲೆಕ್ಕದಲ್ಲಿ, ಸ್ಟ್ರಾಗಳ ಕಂತೆಯೇ ಬೇಕು. ಪಕ್ಕದ ತೊಟ್ಟಿಯಲ್ಲಿ ಹೊಟ್ಟೆ ಒತ್ತಿದರೆ ಪುಕ್ಕಟೆ ಹಾಲು ಕೊಡುವ ಗಂಡು ಈಜುತ್ತಿರುವಾಗ ಆ ಖರ್ಚು ಯಾಕೆ ಎಂದು ಮರಿ ಕೇಂದ್ರದವನು ಕೇಳಿದರೆ ಅವನ ಪ್ರಶ್ನೆಯಲ್ಲಿ ಹುರುಳಿದೆ.

ಹಾಗಾಗಿ ಮಂಗಳೂರಿನವರು ಹೆಪ್ಪುಗಟ್ಟಿಸಲು ಆರಿಸಿಕೊಂಡದ್ದು ಪುಕ್ಕಟೆ ಸಿಗದ ಮೀನನ್ನು. ಮಹಶೀರ್.

ಈ ಮೀನಿಗೂ ಕರಾವಳಿಗೂ ಹಳೆಯ ನಂಟು. ಕೆನರಾ ಜಿಲ್ಲೆ 1860ರಲ್ಲಿ ಎರಡು ಹೋಳಾಗಿ, ನಮ್ಮ ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಭಾಗ ಮದರಾಸಿನ ಬಳಿಯೇ ಉಳಿಯಿತು. ಆ ದಕ್ಷಿಣ ಕೆನರಾದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಕಡತಗಳಿಗಿಂತ ಗಾಳವನ್ನೇ ಹೆಚ್ಚು ಪ್ರೀತಿಸಿದವನು. ಅವನ 'ದ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದರ ನಾಯಕ ಮಹಶೀರ್. ಶೋಕಿಯ ಬೇಟೆಗಾರನಾದರೂ ಥಾಮಸ್ ಕಣ್ಣು ಮುಚ್ಚಿಕೊಂಡಿರಲಿಲ್ಲ. ಹೊಳೆಗೆ ವಿಷ ಕದಡುವುದು, ಮರಿಗಳನ್ನು ಸೋಸಿ ಹಿಡಿಯುವುದು ನದಿಯನ್ನು ಬರಿದು ಮಾಡುತ್ತಿವೆ ಎಂದು ಸರ್ಕಾರಕ್ಕೆ ಬರೆಯುತ್ತಲೇ ಇದ್ದ. ಸಿಡಿಮದ್ದು, ವಿಷಗಳಿಂದ ಮೀನು ಕೊಲ್ಲುವುದನ್ನು ನಿಷೇಧಿಸುವ ಕಾಯಿದೆ ಬಂದದ್ದು 1897ರಲ್ಲಿ. ಕಾಯಿದೆಯಿಂದ ಆದದ್ದೇನು ಎಂದರೆ, ನೂರು ವರ್ಷ ತುಂಬಲು ಒಂದು ವರ್ಷ ಬಾಕಿಯಿದ್ದಾಗ, 1996ರಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವರ ಮೀನುಗಳಿದ್ದ ಮಡುವಿಗೆ ಯಾರೋ ವಿಷ ಹಾಕಿದರು. ಸಾವಿರಾರು ಮಹಶೀರ್ ಸತ್ತು ತೇಲಿದವು. ಶಿಶಿಲೇಶ್ವರ ದೇವಸ್ಥಾನದ ಬಳಿ ಊರವರು ಆ ಮೀನುಗಳಿಗೊಂದು ಸ್ಮಾರಕ ಕಟ್ಟಿದ್ದಾರೆ. ಸತ್ತ ಮೀನಿಗೆ ಸ್ಮಾರಕ ಕಟ್ಟಿದ ಊರು ಎಷ್ಟಿರಬಹುದು! ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯಲ್ಲಿ, ಕಾವೇರಿಯ ರಾಮನಾಥಪುರದಲ್ಲಿ ಭಕ್ತರ ಮಂಡಕ್ಕಿ ತಿಂದು ನಿರ್ಭಯವಾಗಿ ಬೆಳೆದ ಮೀನುಗಳದ್ದೂ ಇದೇ ಸ್ಥಿತಿ: ಇರುವಷ್ಟು ದಿನ ಸಾವಿರ, ಒಂದು ರಾತ್ರಿ ಕೆಟ್ಟರೆ ಸೊನ್ನೆ. ವೀರ್ಯದ ಬ್ಯಾಂಕು ಬೇಕು ಎಂಬ ವಾದಕ್ಕೆ ಶಿಶಿಲಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಮಂಗಳೂರಿನ ಕಾಲೇಜಿನ ಎನ್. ಬಸವರಾಜ ಮತ್ತು ಅವರ ಜೊತೆಗಾರ ಎಸ್.ಎನ್. ಹೆಗಡೆ ಕೈಗೆತ್ತಿಕೊಂಡದ್ದು ದಖ್ಖನಿನ ಮಹಶೀರ್, ಟಾರ್ ಖುದ್ರೀ. 1839ರಲ್ಲಿ ಕರ್ನಲ್ ಸೈಕ್ಸ್ ಪುಣೆಯ ಕಡೆಯ ಹೊಳೆಯಿಂದ ಹಿಡಿದು ಹೆಸರಿಟ್ಟ ಜಾತಿ. ಅವರ ಪ್ರಬಂಧ 2004ರಲ್ಲಿ 'ಕ್ರಯೋಬಯಾಲಜಿ' ಪತ್ರಿಕೆಯಲ್ಲಿ ಬಂತು. ಶೀರ್ಷಿಕೆಯಲ್ಲೇ ಈ ಮೀನು ಅಳಿವಿನಂಚಿನದು ಎಂದಿದೆ. ಹಾಲನ್ನು ಯಾವ ದ್ರಾವಣದಲ್ಲಿ ತೆಳುಮಾಡಬೇಕು, ಎಷ್ಟು ಪಟ್ಟು, ಯಾವ ರಕ್ಷಕ ಎಷ್ಟು ಬೆರೆಸಬೇಕು, ಎಷ್ಟು ದಿನ ಇಟ್ಟರೆ ಎಷ್ಟು ಜೀವ ಉಳಿಯುತ್ತದೆ, ಇವೇ ಅವರ ಪ್ರಶ್ನೆಗಳು. ಓದಲು ಒಣ, ಮಾಡಲು ಬೆವರು. ಹೊಟ್ಟೆ ಒತ್ತುವಾಗ ಒಂದು ಹನಿ ನೀರೋ ಮೂತ್ರವೋ ಬೆರೆತರೆ ವೀರ್ಯಾಣುಗಳು ಅಲ್ಲೇ ಓಡಿ ಮುಗಿಸುತ್ತವೆ; ಮೀನಿನ ಮೈಯನ್ನು ಒರೆಸಿ ಒಣಗಿಸಿಯೇ ಕೈಯಿಡಬೇಕು. ತೆಳುಮಾಡುವ ದ್ರಾವಣ ಮೀನಿನ ಒಡಲಿನ ಸಾಂದ್ರತೆಯನ್ನೇ ಹೋಲಬೇಕು, ಹೊಳೆಗೆ ಬಂದೆವು ಎಂಬ ಸುಳಿವು ಅವಕ್ಕೆ ಸಿಗಬಾರದು. ರಕ್ಷಕ ದ್ರವವೂ ಒಂದು ಬಗೆಯ ವಿಷವೇ, ಹೆಚ್ಚು ಹೊತ್ತು ಬೆರೆತಿದ್ದರೆ ಅದೇ ಕೊಲ್ಲುತ್ತದೆ. ನಂತರ ಸ್ಟ್ರಾಗೆ ತುಂಬಿ, ಸಾರಜನಕದ ಆವಿಯಲ್ಲಿ ಇಳಿಬಿಟ್ಟು ತಣಿಸಿ, ಕೊನೆಗೆ ದ್ರವದಲ್ಲೇ ಮುಳುಗಿಸುವುದು. ಹೊರತೆಗೆದಾಗ ಬೆಚ್ಚನೆ ನೀರಿನಲ್ಲಿ ಕೆಲವೇ ಸೆಕೆಂಡು ಅಲ್ಲಾಡಿಸಿ ಮೊಟ್ಟೆಯ ಮೇಲೆ ಸುರಿದುಬಿಡಬೇಕು.

ಇಂಥ ಕೆಲಸ ದೇಶದಲ್ಲಿ ಒಂಟಿಯಾಗಿರಲಿಲ್ಲ. 1983ರಲ್ಲಿ ಹುಟ್ಟಿದ, ಈಗ ಲಖನೌದಲ್ಲಿರುವ ಮೀನು ಆನುವಂಶಿಕ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೊ ತೊಂಬತ್ತರ ದಶಕದಿಂದಲೇ ಎ.ಜಿ. ಪೊನ್ನಯ್ಯ ಮುಂತಾದವರ ಮುಂದಾಳುತನದಲ್ಲಿ ಒಂದೊಂದೇ ಜಾತಿಗೆ ಪಾಕವಿಧಾನ ಬರೆಯುತ್ತ ಬಂದಿತ್ತು. ಒಂದು ಜಾತಿಯ ಪಾಕ ಇನ್ನೊಂದಕ್ಕೆ ಒಗ್ಗುವುದಿಲ್ಲ ಎಂಬುದೇ ಇಲ್ಲಿನ ಕಷ್ಟ. ಹೆಸರಘಟ್ಟದ ಸಿಹಿನೀರು ಮೀನುಸಾಕಣೆ ಕೇಂದ್ರ, ಹೋರಿಗಳ ಕೇಂದ್ರದ ನೆರೆಯಲ್ಲೇ, ದಕ್ಷಿಣದ ಸ್ವಂತ ಗೆಂಡೆಗಳನ್ನು ಸಾಕಿ ಮರಿ ಮಾಡಿಸುವ ಕೆಲಸಕ್ಕೆ ಇಳಿಯಿತು. ತುಂಗಭದ್ರೆಯಲ್ಲಿ ಒಂದು ಕಾಲಕ್ಕೆ ಕಳೆಗಿಡ ಮೇಯುತ್ತಿದ್ದ ಹರಗಿ ಮೀನು ಹಾಗೆ ತೊಟ್ಟಿ ಸೇರಿತು.

ಇನ್ನೀಗ ತಪ್ಪು ಚೀಟಿಯ ಎರಡನೆಯ ಅಧ್ಯಾಯ.

ಟಾರ್ ಖುದ್ರೀ ಅಳಿಯುತ್ತಿದೆ ಎಂದು ಎಲ್ಲರಿಗಿಂತ ಮೊದಲು ಕೆಲಸಕ್ಕಿಳಿದದ್ದು ಟಾಟಾ ವಿದ್ಯುತ್ ಕಂಪನಿಯವರು. ಲೋನಾವಳದ ತಮ್ಮ ಜಲಾಶಯಗಳ ಬಳಿ ಮರಿ ಕೇಂದ್ರ ಕಟ್ಟಿದರು, ಸಿ.ವಿ. ಕುಲಕರ್ಣಿ ಮತ್ತು ಎಸ್.ಎನ್. ಓಗಲೆ ಎಪ್ಪತ್ತರ ದಶಕದಿಂದ ಅಲ್ಲಿ ಮಹಶೀರ್ ಮರಿ ಮಾಡಿಸುವುದನ್ನು ಪಳಗಿಸಿದರು. ಮರಿಗಳು ದೇಶದ ಉದ್ದಗಲಕ್ಕೆ ಹೋದವು. ಕೊಡಗಿನ ಹಾರಂಗಿಯಲ್ಲಿ ಕರ್ನಾಟಕದ ಇಲಾಖೆಯೂ ಮಹಶೀರ್ ಮರಿ ಮಾಡಿತು. ಕಾವೇರಿಯ ಭೀಮೇಶ್ವರಿ, ಗಾಳಿಬೋರೆ ಕಡೆಯ ಗಾಳಗಾರರ ಸಂಘದವರೂ ಲೋನಾವಳದ ಮರಿ ತಂದು ಹೊಳೆಗೆ ಬಿಟ್ಟರು. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಬಿಡೋಣ. ಯಾರು ಬೇಡವೆಂದಾರು?

ಆದರೆ ಕಾವೇರಿಯ ಮಹಶೀರ್ ಬೇರೆ ಮೀನು. ಬೆನ್ನಿನಲ್ಲಿ ಗೂನು, ಕಿತ್ತಳೆ ಛಾಯೆಯ ರೆಕ್ಕೆ, ದೈತ್ಯ ಗಾತ್ರ. 1946ರಲ್ಲಿ ಮೈಸೂರಿನ ಪ್ರಾಣಿಚರ್ಮ ಹದಗಾರರಾದ ವಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಎತ್ತಿದ್ದು 120 ಪೌಂಡಿನ, ಎಂದರೆ 54 ಕಿಲೋಗ್ರಾಮಿನ ಮೀನು. ಆ ದಾಖಲೆ ಇಂದಿಗೂ ಗಾಳಗಾರರ ಬಾಯಲ್ಲಿದೆ. ಇಷ್ಟು ಪ್ರಸಿದ್ಧ ಮೀನಿಗೆ ವೈಜ್ಞಾನಿಕವಾಗಿ ಸರಿಯಾದ ಹೆಸರೇ ಇರಲಿಲ್ಲ. ಗಾಳಿಬೋರೆಯ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ಹಿಡಿತದ ಪುಸ್ತಕಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮೊದಲಾದವರು ಕೂತು ಎಣಿಸಿದಾಗ ಕಂಡದ್ದು: ಹೊರಗಿನಿಂದ ಬಂದ ನೀಲಿ ರೆಕ್ಕೆಯ ಮಹಶೀರ್, ಅಂದರೆ ಟಾರ್ ಖುದ್ರೀ, ಏರುತ್ತ ಹೋಗಿದೆ, ಗೂನು ಬೆನ್ನಿನದು ಇಳಿಯುತ್ತ ಹೋಗಿದೆ. 2018ರಲ್ಲಿ ಅದೇ ತಂಡ ಗೂನು ಬೆನ್ನಿನ ಮಹಶೀರ್ ಎಂದರೆ ಟಾರ್ ರೆಮಾದೇವಿ ಎಂದು ನಿರ್ಧರಿಸಿತು. ಕಾವೇರಿಯ ಉಪನದಿ ಪಾಂಬಾರ್‌ನಲ್ಲಿ ಸಿಕ್ಕ ಸಣ್ಣ ಮೀನುಗಳನ್ನು ನೋಡಿ ಕೇರಳದ ಇಬ್ಬರು ವಿಜ್ಞಾನಿಗಳು ಕೆಲವು ವರ್ಷ ಮೊದಲು ಇಟ್ಟಿದ್ದ ಹೆಸರದು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿ ಸೇರಿತು. ಇತ್ತ ಟಾರ್ ಖುದ್ರೀ ಅದೇ ಕೆಂಪುಪಟ್ಟಿಯಲ್ಲಿ ಆತಂಕವಿಲ್ಲದ ವರ್ಗಕ್ಕೆ ಇಳಿಯಿತು.

ಒಟ್ಟಿಗೆ ಇಟ್ಟು ನೋಡಿದರೆ ಸ್ವಲ್ಪ ಕಸಿವಿಸಿಯಾಗುತ್ತದೆ. ನಾವು ಸಾಕಿದ್ದು, ಮರಿ ಮಾಡಿದ್ದು, ಹೆಪ್ಪುಗಟ್ಟಿಸಿದ್ದು ಉಳಿಯುವ ಮೀನನ್ನು. ಅಳಿಯುತ್ತಿದ್ದ ಮೀನು ಅದರ ಪಕ್ಕದಲ್ಲೇ ಹೆಸರಿಲ್ಲದೆ ಇತ್ತು. ಮಂಗಳೂರಿನವರ ಕೆಲಸಕ್ಕೆ ಇದರಿಂದ ಕುಂದಿಲ್ಲ. ಒಂದು ಮಹಶೀರ್‌ಗೆ ಕಲಿತ ಪಾಕ ಇನ್ನೊಂದು ಮಹಶೀರ್‌ಗೆ ಅರ್ಧ ದಾರಿಯನ್ನಾದರೂ ತೋರಿಸುತ್ತದೆ, ಅವರು ಬರೆದಾಗ ಈ ಮೀನನ್ನು ಅಳಿವಿನಂಚಿನದೆಂದೇ ಎಣಿಸುತ್ತಿದ್ದರು. ನನ್ನ ತಕರಾರು ಬ್ಯಾಂಕಿನ ಮೇಲಿನ ಭೋಳೆ ನಂಬಿಕೆಯ ಬಗ್ಗೆ. ಸ್ಟ್ರಾದೊಳಗಿನದು ದಶಕಗಟ್ಟಲೆ ಕೆಡುವುದಿಲ್ಲ. ಸ್ಟ್ರಾದ ಮೇಲೆ ಬರೆದ ಹೆಸರು ಹದಿನೈದೇ ವರ್ಷಕ್ಕೆ ಹಳಸಬಹುದು. ಮಿಲ್ ಹಿಲ್‌ನಲ್ಲಿ ತಪ್ಪು ಚೀಟಿಯಿಂದ ಅದೃಷ್ಟ ಖುಲಾಯಿಸಿತು. ಕಾವೇರಿಗೆ ಆ ಅದೃಷ್ಟ ಇರಲಿಲ್ಲ.

2020ರ ಜುಲೈ 10ರ ಮೀನು ಕೃಷಿಕರ ದಿನದಂದು ಕೇಂದ್ರ ಮೀನುಗಾರಿಕೆ ಸಚಿವ ಗಿರಿರಾಜ್ ಸಿಂಗ್ ದೇಶದ ಬೇರೆಬೇರೆ ಕಡೆ ಮೀನಿನ ಕ್ರಯೋಬ್ಯಾಂಕ್ ತೆರೆಯುವುದಾಗಿ ಪ್ರಕಟಿಸಿದರು; ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿ ಮತ್ತು ಲಖನೌ ಬ್ಯೂರೊ ಸೇರಿ ನಡೆಸುವ ಕಾರ್ಯಕ್ರಮವದು. ಒಳಸಂತಾನದಿಂದ ಸೊರಗಿದ ಮರಿ ಕೇಂದ್ರಗಳಿಗೆ ದೂರದ, ಚೆನ್ನಾದ ಗಂಡುಗಳ 'ಕ್ರಯೋಮಿಲ್ಟ್', ಅಂದರೆ ಹೆಪ್ಪುಗಟ್ಟಿಸಿದ ಹಾಲು, ಮುಟ್ಟಿಸುವುದು ಅದರ ಗುರಿ. ಏಕನಾಥ್–ಡಾಯ್ಲ್ ಎಚ್ಚರಿಸಿ ಮೂವತ್ತು ವರ್ಷವಾದ ಮೇಲೆ. ಸಾಕಣೆಯ ಮಟ್ಟಿಗೆ ಇದು ಸರಿಯಾದ ಮದ್ದೆಂದೇ ನನಗೆ ತೋರುತ್ತದೆ. ಮರಿ ಕೇಂದ್ರದವನು ಪ್ರತಿ ವರ್ಷ ಎಲ್ಲ ಮೊಟ್ಟೆಗೂ ಸ್ಟ್ರಾ ಸುರಿಯಬೇಕಿಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ತನ್ನ ತಾಯಿಮೀನುಗಳ ಒಂದು ಪಾಲಿಗೆ ಹೊರಗಿನ ರಕ್ತ ಸೇರಿಸಿಕೊಂಡರೆ ಸಾಕು. ಲೆಕ್ಕ ಆಗ ಗಿಟ್ಟುತ್ತದೆ.

ಹೊಳೆಯ ಮೀನಿನ ಮಟ್ಟಿಗೆ ಲೆಕ್ಕ ಬೇರೆ. ಹೆಪ್ಪುಗಟ್ಟಿಸಲು ಆಗುವುದು ಗಂಡಿನ ಪಾಲು ಮಾತ್ರ. ಮೀನಿನ ಮೊಟ್ಟೆ ವೀರ್ಯಾಣುವಿಗಿಂತ ನೂರಾರು ಪಟ್ಟು ದಪ್ಪ, ಒಳಗೆ ಬಂಡಾರದ ರಾಶಿ, ಸುತ್ತ ರಕ್ಷಕ ದ್ರವವನ್ನು ಒಳಬಿಡದ ಪೊರೆ. ಇಲಿಯ ಭ್ರೂಣ 1972ರಲ್ಲೇ ಹೆಪ್ಪುಗಟ್ಟಿ ಎದ್ದಿತು. ಮೀನಿನದ್ದಕ್ಕೆ 2017ರಲ್ಲಿ ಅಮೆರಿಕದಲ್ಲಿ ಜೀಬ್ರಾಮೀನಿನ ಭ್ರೂಣದೊಳಗೆ ಚಿನ್ನದ ಅತಿಸೂಕ್ಷ್ಮ ಕಡ್ಡಿಗಳನ್ನು ತೂರಿಸಿ, ಲೇಸರಿನಿಂದ ಕಣ್ಣೆವೆಯಿಕ್ಕುವುದರೊಳಗೆ ಬಿಸಿಮಾಡಬೇಕಾಯಿತು. ಆಗಲೂ ಬದುಕಿದವು ಕೆಲವೇ. ಬ್ಯಾಂಕಿನಲ್ಲಿ ಎಷ್ಟೇ ಸ್ಟ್ರಾ ಇರಲಿ, ಹೆಣ್ಣು ಮಾತ್ರ ಹೊಳೆಯಲ್ಲೇ ಜೀವಂತ ಇರಬೇಕು, ಮಳೆಗಾಲಕ್ಕೆ ಮೇಲೇರಲು ಅವಳಿಗೆ ದಾರಿ ಇರಬೇಕು.

ಉತ್ತರ ಕನ್ನಡದಲ್ಲಿ ಆ ದಾರಿ ಹೊಳೆಯಿಂದ ಹೊಳೆಗೆ ಬೇರೆ. ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ಗಂಗಾವಳಿ ಮತ್ತು ಅಘನಾಶಿನಿಗೆ ಅಂಥ ದೊಡ್ಡ ಗೋಡೆ ಬಿದ್ದಿಲ್ಲ. ಘಟ್ಟದ ಮೇಲೆ ಬೇಡ್ತಿ ಎನ್ನಿಸಿಕೊಳ್ಳುವ ಗಂಗಾವಳಿಗೆ ಕಟ್ಟಬೇಕೆಂದಿದ್ದ ಅಣೆಕಟ್ಟು ಎಂಬತ್ತರ ದಶಕದ ಆರಂಭದಲ್ಲಿ ಶಿರಸಿ, ಯಲ್ಲಾಪುರ ಕಡೆಯ ಜನರ ವಿರೋಧದಿಂದ ನಿಂತಿತು. ಅಣೆಕಟ್ಟು ಒಂದೇ ಹೊಳೆಯ ಮೀನನ್ನು ಎರಡು ಬಣ ಮಾಡಿದಲ್ಲಿ, ಗೋಡೆಯ ಆಚೆಯ ಗಂಡಿನ ಹಾಲನ್ನು ಈಚೆಯ ಹೆಣ್ಣಿಗೆ ಮುಟ್ಟಿಸಲು ಸ್ಟ್ರಾ ಒಳ್ಳೆಯ ಉಪಾಯ. ಕಾಳಿಯದ್ದನ್ನು ಗಂಗಾವಳಿಗೆ ತಂದರೆ ಮಾತ್ರ ಕಾವೇರಿಯ ಕಥೆ ಮತ್ತೆ ಶುರು. ಅದಕ್ಕೇ ಸ್ಟ್ರಾದ ಮೇಲೆ ಜಾತಿಯ ಲ್ಯಾಟಿನ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಹೊಳೆಯ ಹೆಸರು, ಮಡುವಿನ ಹೆಸರು, ದಿನಾಂಕ ಬರೆಯಬೇಕು ಎನ್ನುತ್ತೇನೆ. ಜಾತಿಯ ಹೆಸರು ನಾಳೆ ತಿದ್ದಿಕೊಳ್ಳಬಹುದು. ಎಲ್ಲಿಂದ ತಂದದ್ದು ಎಂಬುದು ಒಮ್ಮೆ ತಪ್ಪಿದರೆ ತಪ್ಪಿದಂತೆಯೇ.

ಹಾಗೆ ಹೆಸರು ಬರೆಯಲು ಹೊರಟವರಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ. ಶರಾವತಿಯಲ್ಲಿ 2004ರಲ್ಲಿ ಬಟಾಸಿಯೋ ಶರಾವತಿಯೆನ್ಸಿಸ್ ಎಂಬ ಬೆರಳುದ್ದದ ಮೀಸೆಮೀನು ಹೊಸ ಜಾತಿಯಾಗಿ ಪತ್ತೆಯಾಯಿತು. 2006ರಲ್ಲಿ ಅದೇ ನದಿಯಿಂದ ಇನ್ನೆರಡು ಪುಟ್ಟ ಮೀನುಗಳಿಗೆ ಹೆಸರು ಸಿಕ್ಕಿತು. ಹೆಸರಿಟ್ಟವರ ಸಾಲಿನಲ್ಲಿ ಕೆ. ರೆಮಾದೇವಿ ಇದ್ದರು. ಕಾವೇರಿಯ ಗೂನು ಬೆನ್ನಿನ ಮಹಶೀರ್ ಈಗ ಹೊತ್ತಿರುವುದು ಅವರ ಹೆಸರನ್ನೇ. ಲಿಂಗನಮಕ್ಕಿ 1964ರಲ್ಲಿ ನೀರು ತುಂಬಿಕೊಂಡಾಗ ಈ ಮೂರರಲ್ಲಿ ಒಂದಕ್ಕೂ ಹೆಸರಿರಲಿಲ್ಲ. ಇಂಥವನ್ನು ಬ್ಯಾಂಕಿಗೆ ಸೇರಿಸುವುದು ಮಹಶೀರ್‌ನಷ್ಟು ಸಲೀಸಲ್ಲ. ಮಹಶೀರ್ ಗಂಡಿನ ಹೊಟ್ಟೆ ಒತ್ತಿ ಹಾಲು ತೆಗೆದು ಮತ್ತೆ ನೀರಿಗೆ ಬಿಡಬಹುದು. ಮೀಸೆಮೀನುಗಳಲ್ಲಿ ಹಲವಕ್ಕೆ ಎಷ್ಟು ಒತ್ತಿದರೂ ಹಾಲು ಬರುವುದಿಲ್ಲ. ಗಂಡನ್ನು ಕೊಂದು, ವೃಷಣ ಕತ್ತರಿಸಿ, ಹಿಂಡಿ ತೆಗೆಯಬೇಕು. ನೂರು ಗಂಡುಗಳಷ್ಟೇ ಉಳಿದಿರಬಹುದಾದ ಹಳ್ಳದಲ್ಲಿ ಎಷ್ಟು ಕೊಲ್ಲಬಹುದು ಎಂಬ ಲೆಕ್ಕವನ್ನು ಸಾರಜನಕದ ಕೊಡ ಹೊತ್ತು ಹೊಳೆಗಿಳಿಯುವ ಮುಂಚೆ ಮಾಡಬೇಕು. ಹಾಗೆ ಲೆಕ್ಕ ಮಾಡಲು ಅಲ್ಲಿ ಎಷ್ಟಿವೆ ಎಂದು ಮೊದಲು ಎಣಿಸಬೇಕು.